ಅಲುಗದ ನೆಲ

ಕಲ್ಲವಾಡಿ
9 ನವೆಂಬರ್ 1992

ಪೂಜ್ಯ ಸರ್‌ಗೆ ಶ್ರೀರಾಂಪುರದ ವಾಣಿಯ ನಮಸ್ಕಾರ.

ನೆನಪಿದೆಯೋ ಇಲ್ಲವೋ, ಭೂವಿಜ್ಞಾನದ ಎಂ.ಎಸ್ಸಿ. ತರಗತಿಯ ಕೊನೆಯ ಬೆಂಚಿನಲ್ಲಿ ಕೂತು, ನೀವು ಪ್ರಶ್ನೆ ಕೇಳಿದಾಗಲೆಲ್ಲ ತಲೆ ತಗ್ಗಿಸುತ್ತಿದ್ದವಳು ನಾನು. ಈಗ ಗಡಿಯಾಚೆ, ಸೊಲ್ಲಾಪುರದಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಈ ಹಳ್ಳಿಯಲ್ಲಿದ್ದೇನೆ. ಒಂದು ಸೇವಾಸಂಸ್ಥೆಗೆ ಬೋರ್‌ವೆಲ್ ಕೊರೆಯಲು ಜಾಗ ತೋರಿಸುವ ಕೆಲಸ. ಊರಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಎಲ್ಲರೂ ನನ್ನನ್ನು ಕಲ್ಲಿನ ಅಕ್ಕೋರು ಅನ್ನುತ್ತಾರೆ.

ಬರೆಯಲು ಕಾರಣವಿದೆ. ದೀಪಾವಳಿಗೆ ಮುಂಚಿನಿಂದ ಇಲ್ಲಿ ನೆಲದೊಳಗಿಂದ ಸದ್ದು ಬರುತ್ತಿದೆ. ಖಾಲಿ ಎತ್ತಿನ ಗಾಡಿ ಕಲ್ಲುಹಾಸಿನ ಮೇಲೆ ಓಡಿದ ಹಾಗೆ. ಸದ್ದಿನ ಬೆನ್ನಿಗೇ ನಡುಕ; ಅಡುಗೆಮನೆಯ ಪಾತ್ರೆಗಳು ಗಲಗಲ ಅನ್ನುತ್ತವೆ. ಮೊನ್ನೆ, ಯಾರೂ ಮುಟ್ಟದ ಕೊಡದ ನೀರಿನಲ್ಲಿ ಅಲೆ ಎದ್ದದ್ದನ್ನು ಕಣ್ಣಾರೆ ನೋಡಿದೆ. ಜನ ಹೆದರಿ ಅಂಗಳದಲ್ಲಿ, ಕಣದಲ್ಲಿ ಮಲಗುತ್ತಿದ್ದಾರೆ.

ನಾನು ಬಾಡಿಗೆಗಿರುವುದು ಶರಣವ್ವ ಎಂಬ ಅಜ್ಜಿಯ ಮನೆಯಲ್ಲಿ. ಇಲ್ಲಿನ ಮನೆಗಳೆಲ್ಲ ಒಂದೇ ತರಹ. ಮಣ್ಣಿನಲ್ಲಿ ಕೂರಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಮಳೆಗಾಲದಲ್ಲಿ ಸೋರಿದರೆ ಮಾಳಿಗೆಯ ಮೇಲೆ ಇನ್ನೊಂದು ಪದರ ಮಣ್ಣು ಹಾಕುತ್ತಾರೆ, ಮರುವರ್ಷ ಮತ್ತೊಂದು. ಬೇಸಿಗೆಯಲ್ಲಿ ಒಳಗೆ ತಣ್ಣಗಿರುತ್ತದೆ.

ನಿನ್ನೆ ಶರಣವ್ವ ನನ್ನ ಕೈ ಹಿಡಿದು ಕೂರಿಸಿಕೊಂಡಳು. "ಕಲ್ಲು ಓದಿದಾಕಿ ನೀ. ನಮಗ್ಯಾರಿಗೂ ತಿಳಿಯಂಗಿಲ್ಲ. ಒಳಗ ಮಕ್ಕೋಳೂಣೋ ಹೊರಗ ಮಕ್ಕೋಳೂಣೋ, ಅಷ್ಟ ಹೇಳು."

ನನಗೆ ಹೇಳಲು ಆಗಲಿಲ್ಲ ಸರ್. ತಾಲೂಕು ಕಚೇರಿಗೆ ಒಂದು ವರದಿಯ ಕರಡು ಬರೆದಿದ್ದೇನೆ. ತಿದ್ದಿ ಕಳಿಸುತ್ತೀರಾ? ನಿಮ್ಮ ಕೆಂಪು ಶಾಯಿ ಬೀಳದೆ ಏನನ್ನೂ ಕಳಿಸಲು ಧೈರ್ಯ ಬರುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ,
ವಾಣಿ


ಬಸವನಗುಡಿ
20 ನವೆಂಬರ್ 1992

ಚಿ. ವಾಣಿಗೆ ವೆಂಕಟಾಚಲ ಮೇಷ್ಟ್ರ ಆಶೀರ್ವಾದ.

ನಿನ್ನನ್ನು ಮರೆಯುವುದುಂಟೇ? ಪ್ರತಿ ಹೊಸ ಬ್ಯಾಚನ್ನೂ ಮೊದಲ ವಾರವೇ ನಮ್ಮ ಮನೆಯ ಹಿಂದಿನ ಬ್ಯೂಗಲ್ ರಾಕ್ ಹತ್ತಿಸಿ, ಬಂಡೆಗೆ ಅಂಗೈ ಇಡಿಸಿ, ಕಿವಿ ಕೊಡಿಸುವುದು ನನ್ನ ಪದ್ಧತಿ. ಅಕ್ಷರಾಭ್ಯಾಸವಿದ್ದಂತೆ ಅದು. ಎಲ್ಲರೂ ಎದ್ದು ಪ್ಯಾಂಟು ಕೊಡವಿಕೊಂಡ ಮೇಲೂ ನೀನೊಬ್ಬಳು ಕಿವಿ ಒತ್ತಿಕೊಂಡು ಕೂತಿದ್ದೆ. "ಏನಮ್ಮಾ ಕೇಳಿಸ್ತಿದೆ?" ಎಂದು ನಾನು ಕೇಳಿದ್ದಕ್ಕೆ ನೀನು "ಏನೂ ಇಲ್ಲ ಸರ್" ಎಂದೆ. ಆ ವರ್ಷ ಸರಿಯಾದ ಉತ್ತರ ಕೊಟ್ಟವಳು ನೀನೊಬ್ಬಳೇ.

ಈ ಬಂಡೆಗೆ ಮುನ್ನೂರು ಕೋಟಿ ವರ್ಷ. ನಿಮ್ಮೂರಿನಲ್ಲಿ ಮೇಲೆ ಕರಿಕಲ್ಲು ಹಾಸಿದೆ ಅಷ್ಟೇ, ಅದರ ಕೆಳಗಿರುವುದೂ ಇಂಥದೇ ಹಳೆಯ ಬಂಡೆ. ಇದು ಅಲುಗುವುದಿಲ್ಲ. ಭೂಕಂಪ ಆಗುವುದು ಖಂಡದ ಹಲಗೆಗಳು ಒಂದಕ್ಕೊಂದು ಒತ್ತುವ ಅಂಚಿನಲ್ಲಿ, ಹಿಮಾಲಯದಲ್ಲಿ. ನಾವು ಹಲಗೆಯ ನಟ್ಟನಡುವೆ ಕೂತಿದ್ದೇವೆ. ಅರವತ್ತೇಳರ ಕೊಯ್ನಾ ಭೂಕಂಪದ ಕಥೆ ಎತ್ತಬೇಡ. ಅದು ಅಣೆಕಟ್ಟಿನ ನೀರಿನ ಭಾರ, ಬೇರೆ ವಿಷಯ. ನಿನಗೆ ಕೇಳಿಸುತ್ತಿರುವುದು, ಕಲ್ಲಿನ ಪದರಗಳ ನಡುವೆ ಮಳೆನೀರು ಇಳಿದಾಗ ಸಿಕ್ಕಿಕೊಂಡ ಗಾಳಿ ಹೊರಬೀಳುವ ಸದ್ದು.

ಕರಡನ್ನು ತಿದ್ದಿದ್ದೇನೆ. 'ಕಂಪನ' ಎಂದು ಬರೆದ ಕಡೆಯೆಲ್ಲ 'ಸದ್ದು' ಮಾಡಿದ್ದೇನೆ. ಕೊಡದ ನೀರಿನ ಪ್ಯಾರಾ ಹೊಡೆದುಹಾಕಿದ್ದೇನೆ. ಬರಿಗಣ್ಣಿನಿಂದ ನೋಡಿದ್ದು ಅಳತೆಯಾಗುವುದಿಲ್ಲ. ಜನ ಹೆದರಿದ್ದಾರೆ ಎನ್ನುವುದು ವಿಜ್ಞಾನವಲ್ಲ, ಅದೂ ಬೇಡ. ಎಲ್ಲಕ್ಕಿಂತ ದೊಡ್ಡ ತಪ್ಪು, ವರದಿಗೆ ತಾರೀಖನ್ನೇ ಹಾಕಿಲ್ಲ. ಎಷ್ಟು ಸಲ ಹೇಳಿದ್ದೇನೆ? ನಮ್ಮ ಶಾಸ್ತ್ರದಲ್ಲಿ ಏನು ಹೇಳಿದೆ ಅನ್ನುವಷ್ಟೇ ಯಾವತ್ತು ಹೇಳಿದೆ ಅನ್ನುವುದೂ ಮುಖ್ಯ. ನಾಳೆ ಮೊದಲು ಕಂಡವರು ಯಾರು ಎಂಬ ಜಗಳ ಬಂದರೆ ತಾರೀಖೇ ಸಾಕ್ಷಿ.

ಶರಣವ್ವನಿಗೆ ಒಳಗೇ ಮಲಗಲು ಹೇಳು. ಚಳಿಗಾಲ, ಮುದುಕರ ಎದೆಗೆ ಒಳ್ಳೆಯದಲ್ಲ. ನಮ್ಮ ಮನೆಯಾಕೆ ಆಂಡಾಳ್ ಪುಳಿಯೋಗರೆ ಗೊಜ್ಜು ಕಳಿಸಿದ್ದಾಳೆ, ಡಬ್ಬಿಯನ್ನು ಮರೆಯದೆ ವಾಪಸು ತರಬೇಕಂತೆ.

ವೆಂಕಟಾಚಲ


ಕಲ್ಲವಾಡಿ
5 ಜನವರಿ 1993

ಪೂಜ್ಯ ಸರ್,

ನೀವು ತಿದ್ದಿದ ಹಾಗೆಯೇ ವರದಿಯನ್ನು ಶುದ್ಧವಾಗಿ ಬರೆದು ಕಳಿಸಿದೆ. ಹಳೆಯ ಕರಡನ್ನು ನಿಮ್ಮ ಕೆಂಪು ಶಾಯಿಯ ಸಮೇತ ನಿಮಗೇ ತಿರುಗಿ ಕಳಿಸುತ್ತಿದ್ದೇನೆ, ನೀವು ಯಾವಾಗಲೂ ಕೇಳುತ್ತಿದ್ದಿರಲ್ಲ.

ತಾಲೂಕು ಕಚೇರಿಯಿಂದ ಉತ್ತರ ಬಂತು. ಬರೀ ಸದ್ದು ಎಂದರೆ ಎಲ್ಲೋ ಕಲ್ಲುಗಣಿಯಲ್ಲಿ ಮದ್ದು ಸಿಡಿಸುತ್ತಿರಬೇಕು, ಕ್ರಮದ ಅಗತ್ಯ ಕಾಣುವುದಿಲ್ಲ ಎಂದಿದ್ದಾರೆ. ಸುತ್ತ ಎಲ್ಲೂ ಕಲ್ಲುಗಣಿ ಇಲ್ಲ. ಕಂಪನ ಎಂದು ಬರೆದಿದ್ದರೆ ಯಂತ್ರ ತಂದು ಇಡುತ್ತಿದ್ದರೇನೋ ಎಂದು ಒಮ್ಮೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಕ್ಷಮಿಸಿ.

ಸಂಕ್ರಾಂತಿ ಹತ್ತಿರ ಬಂದಂತೆ ಸದ್ದು ಕಡಿಮೆಯಾಗಿದೆ. ಚಳಿಗೆ ಜನ ಒಬ್ಬೊಬ್ಬರೇ ಒಳಗೆ ಹೋದರು. ನೀವು ಹೇಳಿದ್ದೇ ಸರಿಯಾಯಿತು. ಶರಣವ್ವ ಗೊಜ್ಜನ್ನು ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾಳೆ. ನಿಮ್ಮ ಮನೆಯವರಿಗೆ ಹೇಳಬೇಡಿ.

ವಾಣಿ


ಬಸವನಗುಡಿ
2 ಮಾರ್ಚ್ 1993

ಚಿ. ವಾಣಿ,

ಒಂದು ತಮಾಷೆ ಹೇಳುತ್ತೇನೆ. ನಾನು ನಿವೃತ್ತನಾದ ಮೇಲೆ ನನ್ನ ಜಾಗಕ್ಕೆ ಬಂದಿರುವ ಸಂಕರ್ಷಣ ಎಂಬ ಹುಡುಗ ಕಳೆದ ಭಾನುವಾರ ಮನೆಗೆ ಬಂದಿದ್ದ. ನಾನು ಚಾಮರಾಜಪೇಟೆಯ ಪ್ರೆಸ್ಸಿಗೆ ಕೊಡಬೇಕಾದ ಪಠ್ಯಪುಸ್ತಕದ ಹೊಸ ಆವೃತ್ತಿಯನ್ನು ತಿದ್ದುತ್ತಾ ಕೂತಿದ್ದೆ. ಐದನೆಯ ಅಧ್ಯಾಯದ ಮೊದಲ ವಾಕ್ಯ ನಿನಗೆ ಬಾಯಿಪಾಠ ಇರಬೇಕು: "ದಖನ್ನಿನ ನೆಲ ಅಲುಗದು." ಇಪ್ಪತ್ತು ವರ್ಷದಿಂದ ಹುಡುಗರು ಅದನ್ನು ಬರೆದು ಪಾಸಾಗಿದ್ದಾರೆ. ಇವನು ಅದರ ಮೇಲೆ ಬೆರಳಿಟ್ಟ.

"ಸರ್, ಇದು ನಮಗೆ ಹೇಗ್ ಗೊತ್ತು?"

"ಎಲ್ಲಾದ್ರೂ ಅಲುಗಿದ್ದು ನೋಡಿದೀಯೇನಯ್ಯಾ?"

"ನೋಡೋಕೆ ಯಾರು ಕೂತಿದ್ರು ಸರ್? ಯಂತ್ರಗಳನ್ನೆಲ್ಲ ಅಂಚಿನಲ್ಲಿ ಇಟ್ಬಿಟ್ಟು, ನಡುವೆ ಏನೂ ಆಗಲ್ಲ ಅಂತೀವಿ. ಕೊಯ್ನಾ ಬಂದ್ರೆ ಅಣೆಕಟ್ಟು ಅಂತೀವಿ. ಸದ್ದು ಬಂದ್ರೆ ಗಾಳಿ ಅಂತೀವಿ. ಪ್ರತಿಯೊಂದಕ್ಕೂ ಒಂದೊಂದು ನೆಪ ಹುಡುಕ್ತಾ ಇದೀವಿ ಅನ್ಸಲ್ವಾ?"

ಆಂಡಾಳ್ ಕಾಫಿ ತಂದಿಟ್ಟವಳು ನಡುವೆ ಬಾಯಿ ಹಾಕಿದಳು. "ಬಂಡೆ ಸುಮ್ನಿರತ್ತೆ ಅಂತ ಏನು ಗ್ಯಾರಂಟಿ? ನಮ್ಮ ಗುಡಿ ಕಲ್ಲಿನ ದೊಡ್ಡ ಬಸವಣ್ಣ ಬೆಳೀತಾ ಬೆಳೀತಾ ಹೋಗಿ, ತಲೆ ಮೇಲೆ ತ್ರಿಶೂಲ ಇಟ್ಟ ಮೇಲೇ ತಾನೆ ನಿಂತಿದ್ದು?" ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಸಿದ್ಧಾಂತ ಬದಲಾಗುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ ವಾಣಿ. ನಾನು ವಿದ್ಯಾರ್ಥಿಯಾಗಿದ್ದಾಗ ಖಂಡಗಳು ಚಲಿಸುತ್ತವೆ ಎಂದರೆ ನಗುತ್ತಿದ್ದರು. ನನ್ನ ಗುರುಗಳು ನರಸಿಂಹಯ್ಯನವರು, "ತೇಲೋದಕ್ಕೆ ಅವೇನು ದೋಣಿಯೇನೋ?" ಎಂದು ಇಡೀ ತರಗತಿಯ ಮುಂದೆ ನನ್ನನ್ನು ನಿಲ್ಲಿಸಿ ಕೇಳಿದ್ದರು. ಕೊನೆಗೆ ಜಗತ್ತೇ ನಮ್ಮ ಕಡೆ ಬಂತು. ಅವರು ಮಾತ್ರ ಸಾಯುವವರೆಗೂ ಒಪ್ಪಲಿಲ್ಲ. ಆಸ್ಪತ್ರೆಯ ಮಂಚದ ಮೇಲೂ ನನ್ನ ಮುಖ ನೋಡದೆ ಗೋಡೆಯ ಕಡೆ ತಿರುಗಿಕೊಂಡರು. ಅಂಥ ಹಟಮಾರಿ ಮುದುಕ ನಾನಾಗಬಾರದು ಎಂದು ಅವತ್ತೇ ನಿಶ್ಚಯಿಸಿದೆ. ಆದರೆ ಬದಲಾಗಬೇಕಾದದ್ದು ಆಗಲೇ ಬದಲಾಗಿದೆಯಲ್ಲ! ಖಂಡಗಳು ಚಲಿಸುತ್ತವೆ, ಅಂಚಿನಲ್ಲಿ ನಡುಗುತ್ತವೆ, ನಡುವೆ ನೆಮ್ಮದಿ. ಹಳೆಯ ಮನೆಯಲ್ಲಿ ಒಂದು ಹಂಚು ಒಡೆದರೆ ಹಂಚು ಬದಲಾಯಿಸುತ್ತೇವೆ, ಮನೆಯನ್ನು ಕೆಡವುವುದಿಲ್ಲ.

ನಿಮ್ಮೂರಿನ ಸದ್ದಿನ ವಿಷಯ ಹೇಳಿದ್ದೆ; ಸಂಕರ್ಷಣ ನಿನ್ನ ಮೂಲ ಕರಡನ್ನು ನೋಡಬೇಕೆಂದ. ಕೊಡಲಿಲ್ಲ. ಅರೆಬೆಂದದ್ದನ್ನು ಕೈಗೆ ಕೊಟ್ಟರೆ ನಾಳೆಯೇ ಪತ್ರಿಕೆಗೆ ಬರೆದುಬಿಡುವ ಜಾತಿ ಅವನು. ನಿನ್ನ ಹೆಸರು ಕೆಡಬಾರದಲ್ಲ.

ವೆಂಕಟಾಚಲ


ಕಲ್ಲವಾಡಿ
20 ಆಗಸ್ಟ್ 1993

ಪೂಜ್ಯ ಸರ್,

ಏಳು ತಿಂಗಳಿಂದ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಈಗ ಇದೆ.

ಸದ್ದು ಮತ್ತೆ ಶುರುವಾಗಿದೆ. ನೀವು ಆ ಪದ ಬೇಡ ಎಂದಿದ್ದೀರಿ, ಆದರೂ ಬರೆಯುತ್ತೇನೆ: ಕಂಪನ. ಕಳೆದ ವಾರ ದೇವರ ಗೂಡಿನಲ್ಲಿದ್ದ ದೀಪ ತಾನಾಗಿ ಉರುಳಿತು. ಬಾವಿಯ ನೀರು ಒಂದು ದಿನ ಪೂರ್ತಿ ಕದಡಿಕೊಂಡಿತ್ತು. ನಮ್ಮ ಗೋಡೆಯಲ್ಲಿ ಒಂದು ಬಿರುಕಿದೆ. ಅದು ಡಿಸೆಂಬರಿನಿಂದಲೇ ಇತ್ತು. ನೀವು ಗೋಡೆಯ ಬಗ್ಗೆ ಕೇಳಿರಲಿಲ್ಲ, ನಾನೂ ಬರೆಯಲಿಲ್ಲ. ಆಗ ಅದರಲ್ಲಿ ಉಗುರು ಹೋಗುತ್ತಿತ್ತು. ಈಗ ಬೆರಳು ಹೋಗುತ್ತದೆ.

ಜನ ಮತ್ತೆ ಹೊರಗೆ ಮಲಗುತ್ತಿದ್ದಾರೆ. ಆದರೆ ಇದು ಮಳೆಗಾಲ ಸರ್. ಗೋಣಿಚೀಲ ಹೊದ್ದುಕೊಂಡು ಕೆಸರಿನಲ್ಲಿ ಮಲಗುತ್ತಾರೆ. ಕಣದಲ್ಲಿ ಮಲಗಿದ್ದ ಒಬ್ಬ ಹಾವು ಕಚ್ಚಿ ಸತ್ತ. ಶರಣವ್ವನಿಗೆ ಜ್ವರ ಬಿಟ್ಟೇ ಇಲ್ಲ, ಕೆಮ್ಮಿದರೆ ಮೈಯೆಲ್ಲ ಅದುರುತ್ತದೆ. ಹೊರಗೆ ಮಲಗಿಯೇ ಸಾಯುತ್ತೇವೆ, ಅದರ ಬದಲು ಒಳಗೆ ಹೋಗೋಣ ಅನ್ನುವವರು ಕೆಲವರು. ಬೇಡ ಅನ್ನುವವರು ಕೆಲವರು. ಎಲ್ಲರೂ ನನ್ನ ಬಾಯಿ ನೋಡುತ್ತಾರೆ. ನಾನು ನಿಮ್ಮ ಹೆಸರು ಹೇಳಿದ್ದೇನೆ. ಬೆಂಗಳೂರಿನಲ್ಲಿ ನಮ್ಮ ಮೇಷ್ಟ್ರಿದ್ದಾರೆ, ಅವರನ್ನು ಕೇಳುತ್ತೇನೆ ಎಂದು.

ಪಾಠದ ಉತ್ತರ ಬೇಡ ಸರ್. ಒಂದೇ ಸಾಲು ಬರೆಯಿರಿ, ಗುಡಿಯ ಮುಂದೆ ನಿಂತು ಓದಿ ಹೇಳುತ್ತೇನೆ. ನೀವು ಈ ಊರಿನಲ್ಲಿದ್ದಿದ್ದರೆ ಎಲ್ಲಿ ಮಲಗುತ್ತಿದ್ದಿರಿ?

ವಾಣಿ


ಬಸವನಗುಡಿ
2 ಸೆಪ್ಟೆಂಬರ್ 1993

ಚಿ. ವಾಣಿ,

ನಿನ್ನ ಪತ್ರ ಓದಿ ಹಾವಿನ ವಿಷಯಕ್ಕೆ ತುಂಬಾ ಬೇಸರವಾಯಿತು. ನೋಡಿದೆಯಾ, ಇಲ್ಲದ ಅಪಾಯಕ್ಕೆ ಹೆದರಿ ಇರುವ ಅಪಾಯದ ಬಾಯಿಗೆ ಬಿದ್ದರು. ಹೀಗಾಗಬಾರದೆಂದೇ ನಾನು ಮೊದಲೇ ಹೇಳಿದ್ದು.

ಎರಡು ದಿನ ಯೋಚಿಸಿದೆ. ಬೆಳಿಗ್ಗೆ ವಾಕಿಂಗ್ ಹೋದಾಗ ಬ್ಯೂಗಲ್ ರಾಕಿನ ಮೇಲೆ ಎಷ್ಟೋ ವರ್ಷಗಳ ಮೇಲೆ ನಾನೇ ಬಗ್ಗಿ ಕಿವಿ ಇಟ್ಟೆ. ವಾಕಿಂಗ್ ಬಂದವರು ತಲೆತಿರುಗಿ ಬಿದ್ದೆನೆಂದು ಓಡಿ ಬಂದರು. ಏನೂ ಕೇಳಿಸಲಿಲ್ಲ ವಾಣಿ.

ನೀನು ಕೇಳಿದ ಸಾಲು ಇದು, ಧೈರ್ಯವಾಗಿ ಓದು:

"ಒಳಗೆ. ನಾನು ನಿಮ್ಮೂರಿನಲ್ಲಿದ್ದಿದ್ದರೆ ನನ್ನ ಹೆಂಡತಿ ಮಕ್ಕಳೊಂದಿಗೆ ಮನೆಯ ಒಳಗೇ ಮಲಗುತ್ತಿದ್ದೆ. ಈ ನೆಲ ಅಲುಗುವುದಿಲ್ಲ."

ಕೆಳಗೆ ನನ್ನ ರುಜು, ಪದವಿಗಳು, ಹಳೆಯ ಹುದ್ದೆ ಎಲ್ಲವನ್ನೂ ಹಾಕಿದ್ದೇನೆ. ಹಳ್ಳಿಯ ಜನಕ್ಕೆ ಅದರಿಂದ ಭರವಸೆ ಬರುತ್ತದೆ. ಗೋಡೆಯ ಬಿರುಕಿಗೆ ಮಣ್ಣು ಮೆತ್ತಿಸು, ಹಳೆಯ ಮನೆಗಳಲ್ಲಿ ಅದು ಇದ್ದದ್ದೇ.

ಪುಸ್ತಕದ ಪ್ರೂಫ್ ಬಂದಿದೆ. ಐದನೆಯ ಅಧ್ಯಾಯದಲ್ಲಿ ಒಂದು ಅಚ್ಚಿನ ತಪ್ಪೂ ಇಲ್ಲ.

ವೆಂಕಟಾಚಲ


ಕಲ್ಲವಾಡಿ
14 ಸೆಪ್ಟೆಂಬರ್ 1993

ಪೂಜ್ಯ ಸರ್,

ಮೊನ್ನೆ ಭಾನುವಾರ ಸಂಜೆ ಗುಡಿಯ ಕಟ್ಟೆಯ ಮೇಲೆ ನಿಂತು ನಿಮ್ಮ ಸಾಲನ್ನು ಓದಿದೆ. ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ರುಜು, ಪದವಿ ಎಲ್ಲವನ್ನೂ ಓದಿಸಿದರು. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬರಾದ ಮೇಲೊಬ್ಬರು ಕಂಬಳಿ ಸುತ್ತಿಕೊಂಡು ಒಳಗೆ ನಡೆದರು. ಅಂಗಳಗಳು ಹೆಚ್ಚುಕಡಿಮೆ ಖಾಲಿಯಾದವು.

ಶರಣವ್ವ ಪತ್ರವನ್ನು ನನ್ನ ಕೈಯಿಂದ ಇಸಕೊಂಡು ಕಣ್ಣಿಗೆ ಒತ್ತಿಕೊಂಡಳು. "ನಿಮ್ಮ ಮೇಷ್ಟ್ರು ದೊಡ್ಡವ್ರು ಬಿಡವ್ವ. ಇದು ನನ್ನ ಹಂತ್ಯಾಕ ಇರಲಿ" ಎಂದಳು. ಓದು ಬರುವುದಿಲ್ಲ, ಆದರೂ ಕೇಳಿದಳು. ಕೊಟ್ಟೆ. ಗೋಡೆಯ ಬಿರುಕಿಗೆ ಮಣ್ಣು ಮೆತ್ತಿದ್ದೇವೆ; ಸೋರುತ್ತಿದ್ದ ಮಾಳಿಗೆಗೂ ಇನ್ನೊಂದು ಪದರ ಹಾಕಿಸಿದಳು. ಜ್ವರ ಇಳಿಯುತ್ತಿದೆ.

ಊರಿನವರು ನಿಮಗೆಂದು ಒಂದು ಚೀಲ ತೊಗರಿಬೇಳೆ ಕಟ್ಟಿಟ್ಟಿದ್ದಾರೆ. ದಸರೆಗೆ ಬಂದಾಗ ತರುತ್ತೇನೆ. ಮುಂದಿನ ವಾರ ಗಣೇಶನ ಹಬ್ಬ. ಇಲ್ಲಿ ಹತ್ತು ದಿನ ಇಟ್ಟು ಕೊನೆಗೆ ಮೆರವಣಿಗೆ ಮಾಡಿ ಬಿಡುತ್ತಾರೆ. ನಾನು ಚೆನ್ನಾಗಿದ್ದೇನೆ. ನಿದ್ದೆ ಮಾತ್ರ ಸರಿಯಾಗಿ ಬರುತ್ತಿಲ್ಲ.

ವಾಣಿ


ಬಸವನಗುಡಿ
22 ಸೆಪ್ಟೆಂಬರ್ 1993

ಚಿ. ವಾಣಿ,

ಈ ಪತ್ರ ಕೈಸೇರಿದ ಕೂಡಲೇ ನನ್ನ ಹಿಂದಿನ ಪತ್ರವನ್ನು ಹರಿದುಹಾಕು. ಎಲ್ಲರನ್ನೂ ಹೊರಗೆ ಮಲಗಿಸು.

ಪ್ರೂಫ್ ತಿದ್ದಲು ಕೂತಾಗ ಕಾಗದಗಳ ನಡುವೆ ನಿನ್ನ ಮೊದಲ ಕರಡು ಸಿಕ್ಕಿತು. ನನ್ನ ಕೆಂಪು ಗೀಟುಗಳ ಕೆಳಗೆ ನೀನು ಬರೆದದ್ದನ್ನು ಓದಿದೆ. ಕೊಡದ ನೀರು, ಪಾತ್ರೆ, ನಡುಕ, ಎಲ್ಲವೂ ಅಲ್ಲಿದೆ. ನಾನು ಹೊಡೆದುಹಾಕಿದ್ದನ್ನು ಮಾತ್ರ ಒಟ್ಟಿಗೆ ಓದಿದರೆ ಅದೇ ಸರಿಯಾದ ವರದಿ. ಸಂಕರ್ಷಣ ಹೇಳಿದ್ದು ನಿಜವಿರಬಹುದು. ನಡುಮಧ್ಯದಲ್ಲೂ ನೆಲದಲ್ಲಿ ಹಳೆಯ ಬಿರುಕುಗಳು ಇರಬಹುದು, ನಮಗೆ ಕಾಣದಂತೆ ಒತ್ತಡ ಕೂಡಿಕೊಳ್ಳುತ್ತಿರಬಹುದು. ಹಾಗಿದ್ದರೆ ಆ ಕಲ್ಲಿನ ಗೋಡೆ, ಆ ಮಣ್ಣಿನ ಮಾಳಿಗೆಯ ಕೆಳಗೆ ಯಾರೂ ಇರಕೂಡದು. ಹಬ್ಬದ ಸುಸ್ತಿನಲ್ಲಿ ಒಳಗೆ ಹೋಗಿ ಮಲಗಿಬಿಡದಂತೆ ನೋಡಿಕೋ.

ಈ ಮಾತನ್ನು ಹೇಳುತ್ತಿರುವುದು ನಾನೇ, ಮತ್ತು ಇವತ್ತೇ ಹೇಳುತ್ತಿದ್ದೇನೆ. ಪತ್ರವನ್ನು ಜೋಪಾನವಾಗಿ ಇಟ್ಟುಕೋ.

ವೆಂಕಟಾಚಲ


ಬಸವನಗುಡಿ
3 ಅಕ್ಟೋಬರ್ 1993

ಚಿ. ವಾಣಿ,

ಎಲ್ಲಿದ್ದೀಯ? ಹೇಗಿದ್ದೀಯ? ಈ ಕಾಗದವನ್ನು ಯಾವ ವಿಳಾಸಕ್ಕೆ ಬರೆಯುತ್ತಿದ್ದೇನೆ ಎನ್ನುವುದೂ ತಿಳಿಯುತ್ತಿಲ್ಲ.

ಗುರುವಾರ ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದರು. ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಬೆಳಗಾಗುವ ಮೊದಲೇ ಭೂಕಂಪವಾಯಿತಂತೆ. ಸಾವಿರಾರು ಜನ. ನಿಮ್ಮ ಸುತ್ತಮುತ್ತಲ ಊರುಗಳ ಹೆಸರು ಒಂದೊಂದಾಗಿ ಬರುತ್ತಿವೆ. ಕಲ್ಲವಾಡಿಯ ಹೆಸರು ಇನ್ನೂ ಬಂದಿಲ್ಲ. ಬರುವುದಿಲ್ಲ ಎಂದುಕೊಂಡು ಕೂತಿದ್ದೇನೆ.

ನಿನ್ನೆ ಶ್ರೀರಾಂಪುರಕ್ಕೆ ಹೋಗಿ ನಿನ್ನ ತಾಯಿಯನ್ನು ಹುಡುಕಿದೆ. ಮಾರಕ್ಕ ಹೂವು ಕಟ್ಟುತ್ತಾ ಕೂತಿದ್ದರು. ಕೈ ನಿಲ್ಲಿಸಲಿಲ್ಲ. "ನನ್ ಮಗಳು ಬದುಕವ್ಳಾ ಸ್ವಾಮಿ? ನೀವ್ ದೊಡ್ಡೋರು, ಓದಿದೋರು. ನೀವೇಳುದ್ರೆ ನಂಬ್ತೀನಿ" ಎಂದರು. ಬದುಕಿದ್ದಾಳೆ ತಾಯಿ ಎಂದೆ. ಏನೂ ಗೊತ್ತಿಲ್ಲದೆ ಹೇಳಿದೆ. ಅವರು ನಂಬಿಬಿಟ್ಟರು, ಎರಡು ಮೊಳ ಹೂವು ಕತ್ತರಿಸಿ ಕೊಟ್ಟು ಕಾಸು ಬೇಡವೆಂದರು. ಬಸ್ಸಿನಲ್ಲಿ ಅದನ್ನು ಹಿಡಿದುಕೊಂಡು ಅತ್ತೆ.

ಸಂಕರ್ಷಣ ಸರ್ವೆ ತಂಡದ ಜೊತೆ ಆ ಕಡೆ ಹೊರಟಿದ್ದಾನೆ. ನಾನು ಪ್ರೆಸ್ಸಿಗೆ ಹೋಗಿ ಐದನೆಯ ಅಧ್ಯಾಯವನ್ನು ನಿಲ್ಲಿಸಿ ಬಂದೆ.

ನನ್ನ 22ರ ಪತ್ರ ನಿನಗೆ ತಲುಪಿರಬೇಕು. ತಲುಪಿರಲೇಬೇಕು. ಬದುಕಿದ್ದರೆ ಒಂದು ಗೀಟು ಎಳೆದಾದರೂ ಕಳಿಸು.

ವೆಂಕಟಾಚಲ


ಕಲ್ಲವಾಡಿ
21 ನವೆಂಬರ್ 1993

ಸರ್,

ಬದುಕಿದ್ದೇನೆ. ಅಮ್ಮನಿಗೆ ಬರೆದಿದ್ದೇನೆ.

ವಿಸರ್ಜನೆ ಮುಗಿಸಿಕೊಂಡು ನಾನು ಬರುವಷ್ಟರಲ್ಲಿ ಶರಣವ್ವ ಅಗುಳಿ ಹಾಕಿಕೊಂಡು ಮಲಗಿದ್ದಳು. ವರ್ಷದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾಳೆ, ಎಬ್ಬಿಸುವುದು ಬೇಡ ಎಂದು ನಾನು ಸಂಸ್ಥೆಯ ತಗಡಿನ ಶೆಡ್ಡಿನಲ್ಲಿ ಬೋರ್‌ವೆಲ್ ಪೈಪುಗಳ ಪಕ್ಕ ಮಲಗಿದೆ. ಶೆಡ್ಡಿಗೆ ಏನೂ ಆಗಲಿಲ್ಲ. ಹೊರಗೆ ಬಂದಾಗ ಊರು ಇರಲಿಲ್ಲ. ಧೂಳು ಇತ್ತು. ಕೂಗು ಸ್ವಲ್ಪ ಹೊತ್ತು ಇತ್ತು, ಆಮೇಲೆ ಕಡಿಮೆಯಾಗುತ್ತಾ ಹೋಯಿತು.

ಶರಣವ್ವನನ್ನು ತೆಗೆದದ್ದು ಮೂರನೆಯ ದಿನ. ಮೇಲಿನ ಮಣ್ಣು ಅಷ್ಟಿತ್ತು. ನಾನು ಓದಿದ ಸಂಜೆ ಕಂಬಳಿ ಸುತ್ತಿಕೊಂಡು ಒಳಗೆ ಹೋದವರ ಮುಖಗಳು ನನಗೆ ಒಂದೊಂದೂ ನೆನಪಿವೆ. ಹೊರಗೆ ಉಳಿದದ್ದು ನನ್ನ ಮಾತನ್ನು ನಂಬದ ನಾಲ್ಕು ಮನೆಯವರು. ಅವರೆಲ್ಲ ಬದುಕಿದ್ದಾರೆ. ನನ್ನನ್ನು ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಕರ್ಷಣ ಬಂದಿದ್ದರು. ಹೊಲವೊಂದರಲ್ಲಿ ನೆಲ ಸೀಳಿ ಒಂದು ಕಡೆ ಎದ್ದು ನಿಂತಿದ್ದನ್ನು ತೋರಿಸಿದೆ. ಅವರು ಬಗ್ಗಿ ಆ ಸೀಳಿಗೆ ಅಂಗೈ ಇಟ್ಟರು, ಆಮೇಲೆ ಅಳತೆ ಟೇಪು ತೆಗೆದರು.

ಅಂಚೆಯವನು ಇಲ್ಲದ ಊರಿಗೂ ಕಾಗದ ತಂದುಕೊಡುತ್ತಾನೆ. ನಿಮ್ಮ ಎರಡೂ ಪತ್ರಗಳು ಒಂದೇ ದಿನ ಬಂದವು. 22ರದ್ದನ್ನು ನೀವು ಹೇಳಿದಂತೆ ಜೋಪಾನವಾಗಿ ಇಟ್ಟಿದ್ದೇನೆ.

ದಸರೆಗೆ ಬರಲಾಗಲಿಲ್ಲ. ಇನ್ನು ಬರುವುದೂ ಇಲ್ಲ. ನನ್ನ ಕೆಲಸ ಇಲ್ಲೇ ಇದೆ.

ವಾಣಿ


ಬಸವನಗುಡಿ
18 ಜನವರಿ 2003

ಚಿ. ಸೌ. ವಾಣಿಗೆ ಆಶೀರ್ವಾದ.

ಒಂಬತ್ತು ವರ್ಷವಾಯಿತು. ನಾನು ಎಷ್ಟು ಸಲ ಬರೆಯಲು ಕೂತೆ, ಎಷ್ಟು ಸಲ ಎದ್ದೆ, ಲೆಕ್ಕವಿಲ್ಲ. ನಿನ್ನ ಹೊಸ ವಿಳಾಸವನ್ನೂ, ಅಲ್ಲೇ ಮದುವೆಯಾದೆ ಎನ್ನುವ ಸಂತೋಷದ ಸುದ್ದಿಯನ್ನೂ ಮಾರಕ್ಕನವರಿಂದ ಪಡೆದೆ.

ದೇಶದ ಹೊಸ ಭೂಕಂಪ ನಕಾಶೆ ಬಂದಿರುವುದನ್ನು ನೋಡಿರುತ್ತೀಯ. ಅಪಾಯ ಅತಿ ಕಡಿಮೆ ಎನ್ನುತ್ತಿದ್ದ ಒಂದನೆಯ ವಲಯವನ್ನು ತೆಗೆದೇ ಹಾಕಿದ್ದಾರೆ. ನಿಮ್ಮೂರು ಇದ್ದದ್ದು ಅದರಲ್ಲೇ, ನಮ್ಮ ಬಸವನಗುಡಿ ಇದ್ದದ್ದೂ ಅದರಲ್ಲೇ. ಆ ಬಣ್ಣವೇ ಈಗ ನಕಾಶೆಯಲ್ಲಿಲ್ಲ. ಸಿದ್ಧಾಂತ ಬದಲಾಗುವುದನ್ನು ಒಂದೇ ಆಯುಸ್ಸಿನಲ್ಲಿ ಎರಡು ಸಲ ನೋಡಿದೆ.

ನನಗೆ ಎಪ್ಪತ್ತೈದು ತುಂಬಿತೆಂದು ಹಳೆಯ ವಿದ್ಯಾರ್ಥಿಗಳು ಚಾಮರಾಜಪೇಟೆಯಲ್ಲಿ ಒಂದು ಸಮಾರಂಭ ಮಾಡುತ್ತಿದ್ದಾರೆ, ಒಂದು ಸಂಪುಟವನ್ನೂ ತರುತ್ತಿದ್ದಾರೆ. ಸಂಕರ್ಷಣನೇ ಸಂಪಾದಕ. ದಖನ್ ಅಲುಗಬಲ್ಲದು ಎಂದು ಅಂದಿನ ಭೂಕಂಪಕ್ಕೆ ಮೊದಲೇ ಬರಹದಲ್ಲಿ ಹೇಳಿದವರು ಯಾರು ಎಂಬ ಚರ್ಚೆ ಬಂತು. ನಾನು 22ರ ಪತ್ರದ ವಿಷಯ ಹೇಳಿದೆ. ಅದನ್ನು ಸಂಪುಟದ ಮೊದಲ ಪುಟದಲ್ಲಿ ಹಾಕಬೇಕಂತೆ. ನೀನು ಕಳಿಸಿಕೊಡಬೇಕು. ನನ್ನ ಬದುಕಿನಲ್ಲಿ ಉಳಿದಿರುವುದು ಅದೊಂದೇ ಎನ್ನಿಸುತ್ತದೆ.

ಆಂಡಾಳ್ ಗೊಜ್ಜು ಕಳಿಸಿದ್ದಾಳೆ. ಹಳೆಯ ಡಬ್ಬಿಯ ಆಸೆ ಬಿಟ್ಟಿದ್ದಾಳಂತೆ. ಅವಳಿಗೆ ನನ್ನ ಮೇಲೆ ಒಂದೇ ದೂರು. ಅವತ್ತಿನಿಂದ ಇವತ್ತಿನವರೆಗೆ ನಾನು ಜಗಲಿಯ ಮೇಲೆಯೇ ಮಲಗುತ್ತೇನೆ, ಮಳೆ ಬಂದರೂ ಒಳಗೆ ಹೋಗುವುದಿಲ್ಲ. "ಏನ್ರೀ ನಿಮಗೆ ಬಂದಿರೋದು?" ಎನ್ನುತ್ತಾಳೆ. ಸೆಕೆ ಎನ್ನುತ್ತೇನೆ.

ವೆಂಕಟಾಚಲ


ಹೊಸ ಕಲ್ಲವಾಡಿ
30 ಜನವರಿ 2003

ಸರ್,

ಗೊಜ್ಜು ತಲುಪಿತು. ಆಂಡಾಳಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ಡಬ್ಬಿ ಮನೆಯೊಂದಿಗೆ ಹೋಯಿತು.

ನೀವು ಕೇಳಿದ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಅದರ ಲಕೋಟೆಯನ್ನೂ ಇಟ್ಟಿದ್ದೇನೆ. ಪತ್ರದ ಮೇಲೆ ನಿಮ್ಮ ಅಕ್ಷರದಲ್ಲಿ ಸೆಪ್ಟೆಂಬರ್ 22 ಎಂದಿದೆ. ಲಕೋಟೆಯ ಮೇಲೆ ಬಸವನಗುಡಿ ಅಂಚೆ ಕಚೇರಿಯ ಮುದ್ರೆ ಇದೆ, ಸೆಪ್ಟೆಂಬರ್ 30. ರೇಡಿಯೋದಲ್ಲಿ ಸುದ್ದಿ ಹೇಳಿದ ದಿನ.

22ಕ್ಕೆ ಬರೆದು, ಹೆಸರು ಕೆಡುತ್ತದೆಂದು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದಿರೋ? ಆವತ್ತೇ ಹಾಕಿದ್ದರೆ ವಿಸರ್ಜನೆಗೆ ಮೊದಲು ನನ್ನ ಕೈಗೆ ಬರುತ್ತಿತ್ತು. ಅಥವಾ ಸುದ್ದಿ ಕೇಳಿದ ಮೇಲೆ ಬರೆದು 22 ಎಂದು ಹಾಕಿದಿರೋ? ಹಬ್ಬದ ಸುಸ್ತಿನಲ್ಲಿ ಒಳಗೆ ಮಲಗಿಬಿಡದಂತೆ ನೋಡಿಕೋ ಎಂದು ಬರೆದಿದ್ದೀರಿ. ಹಬ್ಬ ಮುಗಿದ ರಾತ್ರಿಯೇ ಆಗುತ್ತದೆಂದು 22ಕ್ಕೆ ನಿಮಗೆ ಹೇಗೆ ಗೊತ್ತಿತ್ತು? ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ಒಂಬತ್ತು ವರ್ಷ ಯೋಚಿಸಿದ್ದೇನೆ, ಗೊತ್ತಾಗಿಲ್ಲ. ನೀವೇ ಹೇಳುತ್ತೀರಿ ಎಂದು ಕಾದೆ. ನೀವು ಪತ್ರವನ್ನು ಕೇಳಿದಿರಿ.

ನನಗೆ ನಿಮ್ಮ ಮೇಲೆ ಸಿಟ್ಟಿದೆ ಸರ್. ಗೌರವವೂ ಇದೆ, ಅದೇ ಕಷ್ಟ. ಇಲ್ಲಿನ ಜನ ಸೋರಿದಾಗಲೆಲ್ಲ ಮಾಳಿಗೆಯ ಮೇಲೆ ಒಂದೊಂದು ಪದರ ಮಣ್ಣು ಹಾಕುತ್ತಾ ಹೋದರು. ನೀವು ಕೊಯ್ನಾಕ್ಕೆ ಒಂದು, ಸದ್ದಿಗೆ ಒಂದು, ಬಿರುಕಿಗೆ ಒಂದು ಎಂದು ಹಾಕುತ್ತಾ ಹೋದಿರಿ. ಅವರು ತಮ್ಮದರ ಕೆಳಗೆ ತಾವೇ ಮಲಗಿದ್ದರು. ನಿಮ್ಮದರ ಕೆಳಗೂ ಅವರೇ ಮಲಗಿದ್ದರು.

ಸಂಪುಟದಲ್ಲಿ ಹಾಕುವುದಾದರೆ ಪತ್ರ ಮತ್ತು ಲಕೋಟೆ ಎರಡನ್ನೂ ಅಕ್ಕಪಕ್ಕ ಹಾಕಲು ಸಂಕರ್ಷಣರಿಗೆ ಹೇಳಿ. ಒಂದನ್ನೇ ಹಾಕುವುದಾದರೆ ಯಾವುದನ್ನು ಎಂದು ನೀವು ತೀರ್ಮಾನಿಸಿ. ನನ್ನಲ್ಲಿ ಪ್ರತಿ ಇಟ್ಟುಕೊಂಡಿಲ್ಲ. ಯಾರಿಗೂ ಹೇಳುವುದೂ ಇಲ್ಲ.

ನೀವು ಇಲ್ಲಿದ್ದಿದ್ದರೆ ಎಲ್ಲಿ ಮಲಗುತ್ತಿದ್ದಿರಿ ಎಂದು ಒಮ್ಮೆ ಕೇಳಿದ್ದೆ. ಜಗಲಿಯ ವಿಷಯ ಓದಿದೆ. ನನಗೆ ಉತ್ತರ ಸಿಕ್ಕಿತು.

ಒಳಗೆ ಎಂದು ಬರೆದ ಸೆಪ್ಟೆಂಬರ್ 2ರ ಪತ್ರವನ್ನು ನೀವು ಕೇಳಿಲ್ಲ. ಕೇಳಿದ್ದರೂ ಕೊಡಲು ಆಗುತ್ತಿರಲಿಲ್ಲ. ಕಲ್ಲು ಸರಿಸಿದಾಗ ಅದು ಶರಣವ್ವನ ದಿಂಬಿನ ಕೆಳಗೆ ಮಡಿಸಿದ ಹಾಗೇ ಇತ್ತು. ಅವಳ ಜೊತೆಯಲ್ಲೇ ಕಳಿಸಿದೆ.

ವಾಣಿ